ದೀಪ ಸ್ವಲ್ಪ ತಗ್ಗಿಸಿರಪ್ಪಾ

ಬ್ಯಾಂಕಿನ ವರ್ಗಾವಣೆ ನನ್ನನ್ನು ಪುಣೆಗೆ ತಂದು ಬಿಟ್ಟು ಮೂವತ್ತು ವರ್ಷಗಳ ಮೇಲಾಯಿತು. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮ ಧಾರವಾಡದ ಕಡೆ ಹೇಳ್ತಾರೆ, ಹಾಗಾಗಿ ಈ ಊರನ್ನು ಬೈಯಲು ಕೂತಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಕರ್ವೆನಗರದ ಕಾಲುವೆ ರಸ್ತೆಯಲ್ಲಿ ಕಾಲು ಉಳುಕಿಸಿಕೊಂಡ ಮೇಲೆ ಒಂದು ಮಾತು ಹೇಳದೆ ಇರಲಾರೆ. ಅದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿರುವ ನಿಮಗೂ ಸಲ್ಲುವ ಮಾತು.

ರಾತ್ರಿ ಎಂಟರ ಹೊತ್ತು. ಊಟಕ್ಕೆ ಮುಂಚೆ ನಾನೂ ನಮ್ಮ ಮನೆಯವರೂ ಅಡ್ಡಾಡಲು ಹೊರಟಿದ್ದೆವು. ಎದುರಿಗೆ ಒಂದು ಬಿಳಿ ಬೆಳಕು ಫಕ್ ಫಕ್ ಅಂತ ಮಿನುಗುತ್ತ ಬಂತು. ಸ್ಕೂಟರೋ ಸೈಕಲ್ಲೋ, ಹತ್ತಿರವೋ ದೂರವೋ, ಒಂದೂ ತಿಳಿಯಲಿಲ್ಲ. ಪಕ್ಕಕ್ಕೆ ಸರಿದವನು ಕಾಣದ ತಗ್ಗಿನಲ್ಲಿ ಕಾಲಿಟ್ಟು ಬಿದ್ದೆ. "ಕಾಕಾ, ಬಘೂನ್ ಚಾಲಾ ನಾ!" ಅಂದ ಸೈಕಲ್ಲಿನ ಹುಡುಗ. ನೋಡಿಕೊಂಡು ನಡೀರಿ ಅಂತ! ನೋಡುವ ಕಣ್ಣನ್ನೇ ಕಸಿದುಕೊಂಡು ನೋಡಿ ನಡೀರಿ ಅಂದರೆ ಯಾವ ನ್ಯಾಯ?

ಹುಡುಗ ಒಳ್ಳೆಯವನೇ. ಇಳಿದು ಬಂದು ಎಬ್ಬಿಸಿದ. ಅವನ ಸೈಕಲ್ಲನ್ನು ನಾನು ಹಿಡಿದುಕೊಂಡು, "ನಾಲ್ಕು ಹೆಜ್ಜೆ ಮುಂದೆ ಹೋಗಿ ಈ ಕಡೆ ನೋಡಪ್ಪಾ" ಅಂದೆ. ನೋಡಿದವನೇ ಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ತನ್ನ ದೀಪವನ್ನು ಅವನು ಎದುರಿನಿಂದ ಒಮ್ಮೆಯೂ ನೋಡಿರಲಿಲ್ಲ. ಯಾರು ತಾನೇ ನೋಡಿರುತ್ತಾರೆ?

ನಾನು ಧಾರವಾಡದಲ್ಲಿ ಎಂ.ಕಾಂ. ಓದುವಾಗ ಸೈಕಲ್ಲಿಗೆ ಡೈನಮೋ ಇತ್ತು. ಗಾಲಿಗೆ ಉಜ್ಜಿಕೊಂಡು ಗುಂಯ್‌ಗುಡುತ್ತ 6 ವೋಲ್ಟಿನ ಬಲ್ಬು ಹತ್ತಿಸುತ್ತಿತ್ತು. ಅರಿಶಿನದಂಥ ಮಂಕು ಬೆಳಕು, ನಿಂತರೆ ಅದೂ ಇಲ್ಲ. ದೀಪವಿಲ್ಲದೆ ಪೊಲೀಸರ ಕೈಗೆ ಸಿಕ್ಕರೆ ಗಾಲಿಯ ಹವಾ ಬಿಟ್ಟು ಕಳಿಸುತ್ತಿದ್ದರು. ಆ ಬೆಳಕು ಎತ್ತ ಹರಡಿದರೂ ಯಾರಿಗೂ ತೊಂದರೆಯಿರಲಿಲ್ಲ, ಏಕೆಂದರೆ ಬೆಳಕೇ ಅಷ್ಟಿರಲಿಲ್ಲ. ಈಗ ಎಲ್‌ಇಡಿ ಬಂದು ಬೆಳಕು ಹತ್ತಾರು ಪಟ್ಟು ಹೆಚ್ಚಿದೆ. ಆದರೆ ಆಕಾರ ಮಾತ್ರ ಕೈಬ್ಯಾಟರಿಯದ್ದೇ. ದುಂಡಗೆ ಮುಂದಕ್ಕೆ ಚಿಮ್ಮುತ್ತದೆ, ಅರ್ಧ ರಸ್ತೆಗೆ, ಇನ್ನರ್ಧ ಎದುರಿನವರ ಮುಖಕ್ಕೆ.

ಅಂಗಡಿಯವರು ಹೇಳುವುದು ಲ್ಯೂಮೆನ್ ಲೆಕ್ಕ ಒಂದೇ. ಐನೂರು, ಸಾವಿರ! ಲ್ಯೂಮೆನ್ ಅಂದರೆ ದೀಪದಿಂದ ಹೊರಡುವ ಒಟ್ಟು ಬೆಳಕು. ಅದು ಎಲ್ಲಿ ಬೀಳುತ್ತದೆ ಅನ್ನುವುದನ್ನು ಆ ಅಂಕಿ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಠೇವಣಿ ಎಷ್ಟಿದೆ ಎಂದು ಮಾತ್ರ ಕೇಳಿ, ಸಾಲ ಯಾರಿಗೆ ಹೋಯಿತು ಎಂದು ಕೇಳದ ಮ್ಯಾನೇಜರ್ ಏನಾಗುತ್ತಾನೆ ಅನ್ನುವುದು ನಮಗೆ ಗೊತ್ತು.

ಬೆಳಕನ್ನು ಬೇಕಾದ ಕಡೆ ಮಾತ್ರ ಬೀಳಿಸುವುದು ಅಸಾಧ್ಯವೇನಲ್ಲ. ಜರ್ಮನಿಯಲ್ಲಿ ಸೈಕಲ್ ದೀಪಕ್ಕೂ ಸರ್ಕಾರದ ಅನುಮೋದನೆಯ ಗುರುತು ಬೇಕು. ಎದುರಿನವರ ಕಣ್ಣು ಕುಕ್ಕಬಾರದು, ಮುಂದಿನ ದೀಪ ಮಿನುಗಬಾರದು ಅಂತ ಕಾನೂನೇ ಇದೆ. ಅಂಥ ಅನೇಕ ದೀಪಗಳಲ್ಲಿ ಎಲ್‌ಇಡಿಯ ಬೆಳಕು ನೇರ ಹೊರಗೆ ಬರದೆ, ಒಳಗಿನ ಬಾಗಿದ ಕನ್ನಡಿಗೆ ಬಿದ್ದು ರಸ್ತೆಗೆ ಇಳಿಯುತ್ತದೆ. ಗೋಡೆಗೆ ಹಿಡಿದರೆ ಮೇಲಂಚು ಗೆರೆ ಎಳೆದಂತಿರುತ್ತದೆ. ಗೆರೆಯ ಕೆಳಗೆ ಬೆಳಕು, ಮೇಲೆ ಹೆಚ್ಚುಕಡಿಮೆ ಕತ್ತಲು.

ನಮ್ಮಲ್ಲೂ ಮೋಟಾರು ವಾಹನಗಳಿಗೆ 1989ರ ಕೇಂದ್ರ ನಿಯಮಗಳಿವೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕೋರೈಸಬಾರದು ಅಂತ ಅಳತೆ ಸಮೇತ ಬರೆದಿದ್ದಾರೆ. ಪಾಲಿಸುವವರೆಷ್ಟು ಅನ್ನುವುದು ಬೇರೆ ಮಾತು. ಆ ನಿಯಮ ಸೈಕಲ್ಲಿಗಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಸೈಕಲ್ಲಿನ ರಿಫ್ಲೆಕ್ಟರುಗಳಿಗೆ ಗುಣಮಟ್ಟದ ಆದೇಶ ಹೊರಡಿಸಿತು. ರಿಫ್ಲೆಕ್ಟರಿಗೆ ಮಾಡಿದ್ದನ್ನು ಮುಂದಿನ ದೀಪಕ್ಕೂ ಮಾಡಲಿ ಅಂತ ಕೇಳುವುದು ದೊಡ್ಡ ಬೇಡಿಕೆಯೇ?

ಸೈಕಲ್ಲಿನವರು ಹೇಳುವುದು ನನಗೆ ಗೊತ್ತು. "ಕಾರಿನವರು ಹೈಬೀಮ್ ಹಾಕಿಕೊಂಡು ಮೈಮೇಲೆ ಬರ್ತಾರೆ, ಕಣ್ಣು ಕುಕ್ಕಿದರೇನೇ ನಮ್ಮನ್ನ ನೋಡ್ತಾರೆ." ಭಯ ಖರೆ, ದೊಡ್ಡ ಅಪರಾಧಿ ಕಾರಿನವನೇ ಅನ್ನುವುದೂ ಖರೆ. ಆದರೆ ಕಾಣಿಸಿಕೊಳ್ಳುವುದು ಬೇರೆ, ಕುರುಡು ಮಾಡುವುದು ಬೇರೆ. ಕಣ್ಣು ಕತ್ತಲಿಟ್ಟ ಡ್ರೈವರಿಗೆ ನೀವೂ ಕಾಣುವುದಿಲ್ಲ, ನಿಮ್ಮ ಪಕ್ಕದಲ್ಲಿ ನಡೆಯುವವನೂ ಕಾಣುವುದಿಲ್ಲ. ಕಾಣಿಸಿಕೊಳ್ಳಲು ತಗ್ಗಿಸಿದ ಬಿಳಿ ದೀಪ, ಹಿಂದೊಂದು ಕೆಂಪು ದೀಪ, ರಿಫ್ಲೆಕ್ಟರು ಇವೆ. ಕಾರಿನವನ ಮೇಲಿನ ಸಿಟ್ಟನ್ನು ದೀಪವೇ ಇಲ್ಲದ ಪಾದಚಾರಿಯ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲ.

ವಯಸ್ಸಾದವರ ಕಷ್ಟ ಇನ್ನೂ ಹೆಚ್ಚು. ಕಣ್ಣಿನ ಮಸೂರ ಮಸುಕಾಗುತ್ತ ಬಂದಂತೆ ಬೆಳಕು ಒಳಗೆ ಚದುರಿ ಎಲ್ಲವೂ ಬಿಳಿ ಮಂಜಾಗುತ್ತದೆ. ದೀಪ ದಾಟಿ ಹೋದರೂ ಕಣ್ಣು ಬೇಗ ಹೊಂದಿಕೊಳ್ಳುವುದಿಲ್ಲ. ಆ ಕೆಲವು ಕ್ಷಣಗಳಲ್ಲೇ ನಾವು ಬೀಳುವುದು.

ಕಾನೂನು ಬರುವ ತನಕ ಕಾಯಬೇಕಿಲ್ಲ. ಸೈಕಲ್ಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ದೀಪ ಹಚ್ಚಿ. ಬೆಳಕಿನ ನಡುಭಾಗ ಗೋಡೆಯ ಮೇಲೆ ದೀಪದ ಅರ್ಧ ಎತ್ತರಕ್ಕೆ ಬೀಳುವಂತೆ ಬಾಗಿಸಿ. ಆಗ ಅದು 10 ಮೀಟರ್ ಮುಂದೆ ರಸ್ತೆ ಮುಟ್ಟುತ್ತದೆ. ದುಂಡು ದೀಪದ ದೋಷ ಇದರಿಂದ ಪೂರ್ತಿ ಹೋಗದು, ಅರ್ಧವಾದರೂ ಹೋದೀತು. ಮಿನುಗುವುದನ್ನು ನಿಲ್ಲಿಸಿ. ಆಮೇಲೆ ಎದುರಿಗೆ ಹೋಗಿ ನೀವೇ ನಿಂತು ನೋಡಿ.

ಆ ಹುಡುಗ ಈಗಲೂ ಕಾಲುವೆ ರಸ್ತೆಯಲ್ಲಿ ಸಿಗುತ್ತಾನೆ. ದೀಪ ತಗ್ಗಿಸಿಕೊಂಡಿದ್ದಾನೆ. "ಕಾಕಾ, ದಿಸ್ತಯ್ ಕಾ?" ಅಂತ ಕೂಗುತ್ತಾನೆ. ಕಾಣ್ತದಪ್ಪಾ, ದಾರಿಯೂ ಕಾಣ್ತದ, ನೀನೂ ಕಾಣ್ತೀ.