ಕಪ್ಪು ಬಿಯರಿನಲ್ಲೂ ಎರಡು ರುಚಿ

ಡ್ರೈ ಎಂದರೆ ಪರ್ಮಿಟ್ ರೂಮ್ ನಡೆಸುವ ನಮ್ಮವರಿಗೆ ಮೊದಲು ನೆನಪಾಗುವುದು ಡ್ರೈ ಡೇ. (ಐರ್ಲೆಂಡಿನವರಿಗೂ ಆ ಕಷ್ಟ ಗೊತ್ತು. ಗುಡ್ ಫ್ರೈಡೇ ದಿನ ಪಬ್ ಮುಚ್ಚಬೇಕೆಂಬ ಕಾನೂನು ಅಲ್ಲಿ 1927ರಿಂದ ಇದ್ದು, 2018ರಲ್ಲಷ್ಟೇ ಹೋಯಿತು.) ಆದರೆ ಐರಿಷ್ ಡ್ರೈ ಸ್ಟೌಟ್‌ನ ಡ್ರೈ ಎಂದರೆ ಸಿಹಿ ಉಳಿಯದ್ದು, ಕೊನೆಗೆ ನಾಲಿಗೆ ಒಣಗಿದಂತೆ ಅನಿಸುವುದು ಎಂದರ್ಥ. ಲಂಡನ್, ಡಬ್ಲಿನ್ ಸುತ್ತಿ ಬಂದ ಗಿರಾಕಿಗಳು ಈಗ ಇದನ್ನು ಹೆಸರು ಹಿಡಿದೇ ಕೇಳುತ್ತಾರೆ. ಗಲ್ಲಾದಲ್ಲಿ ಕೂತ ನಾವು 'ಎಲ್ಲಾ ಕಪ್ಪು ಬಿಯರೂ ಒಂದೇ' ಎಂದುಬಿಟ್ಟರೆ ನಮ್ಮ ಬಗ್ಗೆ ಅವರಿಗಿರುವ ನಂಬಿಕೆ ಅಲ್ಲೇ ಅರ್ಧ ಕಡಿಮೆಯಾಗುತ್ತದೆ. ಮಾಲೀಕರು ಕುಡಿಯದವರೇ ಇರಬಹುದು, ಮಾರುವ ಸರಕನ್ನಾದರೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಗಿನ್ನೆಸ್ ಡಬ್ಲಿನ್ ನಗರದ್ದು. ಆರ್ಥರ್ ಗಿನ್ನೆಸ್ 1759ರಲ್ಲಿ ಸೇಂಟ್ ಜೇಮ್ಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಲೀಸ್ ಪಡೆದ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಒದ್ದಾಡುವ ನಮಗೆ ಹೊಟ್ಟೆಕಿಚ್ಚಾಗುವ ಕರಾರು! ಮರ್ಫೀಸ್ ದಕ್ಷಿಣದ ಕಾರ್ಕ್ ನಗರದ್ದು, 1856ರಲ್ಲಿ ಶುರುವಾದದ್ದು. 1983ರಿಂದ ಹೈನೆಕೆನ್ ಕೈಯಲ್ಲಿದೆ.

ಎರಡರ ಬಣ್ಣವೂ ಬರುವುದು ಹುರಿದ ಧಾನ್ಯದಿಂದ. ಕಾಫಿ ಬೀಜದ ಹುರಿ ಬಲ್ಲ ನಮ್ಮ ಜನಕ್ಕೆ ಇದನ್ನು ವಿವರಿಸುವ ಅಗತ್ಯವಿಲ್ಲ. ಗಿನ್ನೆಸ್ ಎಂದರೆ ಸಕ್ಕರೆ ಹಾಕದ ಗಟ್ಟಿ ಡಿಕಾಕ್ಷನ್: ಕಹಿ ನೇರ, ಹಿಂದೆಯೇ ಸಣ್ಣ ಹುಳಿ. ಮರ್ಫೀಸ್‌ನಲ್ಲಿ ಕಹಿ ಕಡಿಮೆ, ಕ್ಯಾರಮೆಲ್ ವಾಸನೆ, ಅದೇ ಡಿಕಾಕ್ಷನ್‌ಗೆ ಒಂದು ಚಮಚ ಹಾಲು ಬಿದ್ದ ಹಾಗೆ. ಬಣ್ಣ ನೋಡಿ 'ಭಾರೀ ಕಿಕ್' ಎಂದು ತಿಳಿಯುವವರಿದ್ದಾರೆ. ಡ್ರಾಟ್ ಗಿನ್ನೆಸ್‌ನ ಆಲ್ಕೋಹಾಲ್ ಸುಮಾರು 4.2 ಪ್ರತಿಶತ, ಮರ್ಫೀಸ್‌ನದು 4. ನಮ್ಮ ಕೌಂಟರಿನಲ್ಲಿ ಖರ್ಚಾಗುವ ಸ್ಟ್ರಾಂಗ್ ಬಿಯರ್ 8ರವರೆಗೂ ಹೋಗುತ್ತದೆ!

ಯಾವುದು ಯಾವಾಗ? ಗಿನ್ನೆಸ್ ಊಟಕ್ಕೆ ಮೊದಲು, ಒಬ್ಬರೇ ನಿಧಾನವಾಗಿ ಕುಡಿಯುವವರಿಗೆ. ಚಿಪ್ಪಿನ ಮೀನಿನೊಂದಿಗೆ ಇನ್ನೂ ಚೆನ್ನ. ಐರ್ಲೆಂಡಿನಲ್ಲಿ ಆಯ್ಸ್ಟರ್ ಜೊತೆ ಸ್ಟೌಟ್ ಹಳೆಯ ಜೋಡಿ, ಮರುವಾಯಿ ತಿಂದು ಬೆಳೆದ ಕರಾವಳಿಯವರಿಗೆ ಕಾರಣ ಬಾಯಿಯೇ ಹೇಳುತ್ತದೆ. ಆದರೆ ಖಾರದ ಗಸಿ, ಸುಕ್ಕಾ ಮುಂದಿಟ್ಟರೆ ಗಿನ್ನೆಸ್‌ನ ಕಹಿ ಖಾರವನ್ನು ಕೆಣಕುತ್ತದೆ. ಅಲ್ಲಿ ಮರ್ಫೀಸೇ ಸರಿ. ನಾಲ್ಕು ಜನ ಗೆಳೆಯರು ಕೂತು ಊಟದ ಜೊತೆ ಎರಡೆರಡು ಗ್ಲಾಸ್ ಮುಗಿಸುವ ಸಂಜೆಗೂ ಅದೇ. ಒಂದೇ ಆರಿಸಿ ಎಂದರೆ ನಮ್ಮ ಮತ ಗಿನ್ನೆಸ್‌ಗೆ. ಮೊದಲ ಬಾರಿ ಸ್ಟೌಟ್ ಕೇಳುವ ಗಿರಾಕಿಗೆ ಮಾತ್ರ ಮರ್ಫೀಸ್ ಸಿಕ್ಕರೆ ಅದನ್ನೇ ಕೊಡಿ. ಅದು ನಮ್ಮ ದೇಶದಲ್ಲಿ ಎಲ್ಲೆಡೆ ಸಿಗುವ ಸರಕಲ್ಲ ಎಂಬುದೂ ನಿಜ.

ಸರಕಿಗಿಂತ ದೊಡ್ಡ ತೊಂದರೆ ನಮ್ಮ ಗಡಿಬಿಡಿ. ಈ ಬಿಯರಿನ ನೊರೆ ಕೆನೆಯಂತಿರಲು ಕಾರಣ ನೈಟ್ರೋಜನ್. ಗಿನ್ನೆಸ್‌ನವರು ಆ ವಿಧಾನವನ್ನು 1959ರಲ್ಲಿ ತಂದರು. ಗ್ಲಾಸ್ ಓರೆ ಹಿಡಿದು ಮುಕ್ಕಾಲು ತುಂಬಿ, ಗುಳ್ಳೆ ಕೂರುವವರೆಗೆ ಬಿಟ್ಟು, ಆಮೇಲೆ ಪೂರ್ತಿ ಮಾಡಬೇಕು. ಒಟ್ಟು ಎರಡು ನಿಮಿಷ. ನಮ್ಮ ವೇಟರ್ ಎರಡು ನಿಮಿಷದಲ್ಲಿ ಮೂರು ಟೇಬಲ್ ಮುಗಿಸುವವನು, ಅವನನ್ನು ಬೈದು ಫಲವಿಲ್ಲ, ಕಲಿಸಬೇಕು. ಡ್ರಾಟ್ ಡಬ್ಬಿಯ ಒಳಗಿನ ಪ್ಲಾಸ್ಟಿಕ್ ಗುಂಡು ಕಸವಲ್ಲ, ನೊರೆ ತರುವುದೇ ಅದು. ಹಾಗಾಗಿ ಡಬ್ಬಿಯನ್ನೇ ಟೇಬಲಿಗೆ ಇಡದೆ ಗ್ಲಾಸಿಗೆ ಸುರಿದು ಕೊಡಿ. ಐಸಿನಲ್ಲಿ ಹುಗಿದಿಟ್ಟರೆ ರುಚಿ ಸತ್ತುಹೋಗುತ್ತದೆ.

ಕೊನೆಗೊಂದು ಎಚ್ಚರ. ಗಿನ್ನೆಸ್ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಎಂಬ ಬಾಟಲಿಯೂ ಇದೆ, ಅದರ ಆಲ್ಕೋಹಾಲ್ ಸುಮಾರು 7.5. ಡ್ರಾಟ್ ಕೇಳಿದವರಿಗೆ ಅದನ್ನು ಕೊಟ್ಟು 'ಎರಡೂ ಒಂದೇ ಸಾಬ್' ಎನ್ನಬೇಡಿ.