ಕಂಡದ್ದು ಮತ್ತು ಊಹಿಸಿದ್ದು

ಪತ್ತೇದಾರಿ ಕಥೆಯೆಂದೊಡನೆ ಹಿರಿಯರು ಹುಬ್ಬುಗಂಟಿಕ್ಕುವುದುಂಟು. ಕೊಲೆ, ಕಳವುಗಳ ಆ ಲೋಕ ಎಳೆಯ ಮನಸ್ಸಿಗೇಕೆ ಎಂಬುದು ಅವರ ಆಕ್ಷೇಪ. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು. ಕಳೆದ ಬೇಸಿಗೆಯಲ್ಲಿ ಮಠದ ಮಕ್ಕಳ ಶಿಬಿರದಲ್ಲಿ ನಾಲ್ಕು, ಐದನೆಯ ತರಗತಿಯ ಮಕ್ಕಳಿಗೆ ಕಥಾರಚನೆ ಕಲಿಸುವ ಹೊಣೆ ಬಂದಾಗ, ಮಕ್ಕಳೆಲ್ಲರೂ ಒಕ್ಕೊರಲಿನಿಂದ ಕೇಳಿದ್ದು ಗುಟ್ಟಿನ ಕಥೆಯನ್ನೇ.

ಯೋಚಿಸಿದರೆ, ಗುಟ್ಟು ಬಿಡಿಸುವ ವಿದ್ಯೆ ನಮಗೆ ಹೊಸತಲ್ಲ. ಜಗುಲಿಯ ಮೇಲೆ ಕುಳಿತು ಅಜ್ಜಿಯರು ಒಡ್ಡುತ್ತಿದ್ದ ಒಗಟುಗಳಲ್ಲಿ ಅದಿದೆ. 12ನೆಯ ಶತಮಾನದ ಅಲ್ಲಮಪ್ರಭುದೇವರ ಬೆಡಗಿನ ವಚನಗಳಲ್ಲಿ ಅರ್ಥವು ಸಂಕೇತಗಳ ಮರೆಯಲ್ಲಿ ಅಡಗಿದೆ. ಅದನ್ನು ತೆರೆಯಲೆಂದೇ ಮುಂದಿನವರು ಟೀಕೆಗಳನ್ನು ರಚಿಸಿದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಒಂದು ಕಾಲಕ್ಕೆ ಕನ್ನಡಿಗರ ಮನೆಮಾತಾಗಿದ್ದನು.

ಮೊದಲ ದಿನ ಒಂದು ಬಟ್ಟೆಯ ಚೀಲವನ್ನು ಮಕ್ಕಳ ಮುಂದಿಟ್ಟೆವು. ಒಳಗೆ ಹಳೆಯ ಬೀಗದ ಕೈ, ಬಸ್ಸಿನ ಟಿಕೇಟು, ಬಳೆಯ ಚೂರು, ಒಣಗಿದ ಬಿಲ್ವಪತ್ರೆ. ಚೀಲ ಯಾರದು? ಪುಸ್ತಕದಲ್ಲಿ ಗೆರೆಯೆಳೆದು ಒಂದು ಕಡೆ 'ಕಂಡದ್ದು', ಇನ್ನೊಂದು ಕಡೆ 'ಊಹಿಸಿದ್ದು' ಎಂದು ಬರೆಯಲು ಹೇಳಿದೆವು. ಬಳೆಯಿರುವುದರಿಂದ ಹೆಂಗಸಿನ ಚೀಲವೆಂದಳು ಒಬ್ಬಳು. "ಬಳೆಗಾರನದು ಯಾಕಾಗಬಾರದು?" ಎಂದನು ಮತ್ತೊಬ್ಬನು.

ಎರಡನೆಯ ದಿನ ಕಥೆಯ ಕೊನೆಯನ್ನೇ ಮೊದಲು ಬರೆಯಿಸಿದೆವು. ಗುಟ್ಟು ತಿಳಿದವನಲ್ಲವೇ ಸುಳಿವು ಬಿತ್ತಬಲ್ಲವನು? ಮೂರು ಸುಳಿವುಗಳು, ಅವುಗಳಲ್ಲೊಂದು ದಾರಿ ತಪ್ಪಿಸುವಂಥದು, ಇಷ್ಟೇ ನಿಯಮ. ಕೊಲೆಯ ಗೊಡವೆಯೇ ಬೇಕಾಗಲಿಲ್ಲ. ಕಳೆದುಹೋದ ಕರು, ಬರೆದವರು ತಿಳಿಯದ ಕಾಗದ, ಇಂಥವೇ ಸಾಕಾದವು.

ಮೂರನೆಯ ದಿನ, ಯಾರಿಗೂ ಹೇಳದೆ, ಪೂಜೆಯ ಗಂಟೆಯನ್ನು ನಾವೇ ಬಚ್ಚಿಟ್ಟು ಪತ್ತೆ ಮಾಡಿರೆಂದೆವು. ಕ್ಷಣಮಾತ್ರದಲ್ಲಿ ಹತ್ತಾರು ಬೆರಳುಗಳು ಒಬ್ಬ ಹುಡುಗನತ್ತ ತಿರುಗಿದವು. ಹಿಂದೊಮ್ಮೆ ಪೆನ್ಸಿಲು ಕದ್ದನೆಂಬ ಹೆಸರು ಅವನಿಗಿತ್ತಂತೆ. ಅವನ ಕಣ್ಣು ತುಂಬಿ ಬಂದಿತು. "ಪುಸ್ತಕ ತೆರೆಯಿರಿ, ಕಂಡದ್ದೇನು?" ಎಂದು ಕೇಳಿದೆವು. ಆ ಕಡೆಯ ಪುಟ ಎಲ್ಲರದೂ ಬರಿದು. ನಮ್ಮ ಜೋಳಿಗೆಯಿಂದಲೇ ಗಂಟೆಯನ್ನು ತೆಗೆದು ತೋರಿಸಿ, ಮುನ್ಸೂಚನೆಯಿಲ್ಲದೆ ಇಂಥ ಆಟ ಹೂಡಿದ ತಪ್ಪು ನಮ್ಮದೆಂದು ಆ ಬಾಲಕನಲ್ಲಿ ಒಪ್ಪಿಕೊಂಡೆವು.

ಮರುದಿನ ಮೊದಲು ಬೆರಳು ತೋರಿದ್ದ ಹುಡುಗಿಯೇ ಒಂದು ಕಥೆ ಬರೆದು ತಂದಳು. ಅದರಲ್ಲಿ ಎಲ್ಲರೂ ಶಂಕಿಸಿದವನೇ ಗುಟ್ಟನ್ನು ಬಿಡಿಸುತ್ತಾನೆ. ಅದನ್ನು ಓದಿದ ಹುಡುಗನು ಅವಳಿಗೆ ಒಂದು ಕಾಗುಣಿತದ ತಪ್ಪನ್ನು ತಿದ್ದಿಕೊಟ್ಟನು!

ತಾಯಂದಿರೇ, ತಂದೆಯರೇ, ಮನೆಯಲ್ಲಿ ಒಂದು ಲೋಟ ಕಾಣದಾದರೆ ನಮ್ಮ ಬೆರಳು ಮೊದಲು ಕೆಲಸದವಳತ್ತ ತಿರುಗುವುದಿಲ್ಲವೇ? ಅಂದು ಆ ಎರಡು ಕಾಲಮ್ಮುಗಳನ್ನು ನೆನೆಯೋಣ. ಮಕ್ಕಳು ನಮ್ಮಿಂದ ಕಲಿಯುವುದು ಆಗಲೇ.