ಮಾರ್ಚ್ 31ಕ್ಕೆ ಮುಗಿಯದ ಲೆಕ್ಕ

ಮೂತ್ರನಾಳದ ಕೊಳವೆಗೆ, ಕೃತಕ ಕೀಲಿಗೆ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಸೋಂಕು ಹರಡುವುದರಲ್ಲಿ ಅವುಗಳ ಹೊರಮೈಯ ರಸಾಯನದ ಪಾತ್ರ ದೊಡ್ಡದು. ಎಕ್ಸ್-ಕಿರಣ ತಗುಲಿದಾಗ ಹೊರಚಿಮ್ಮುವ ಎಲೆಕ್ಟ್ರಾನುಗಳ ಶಕ್ತಿಯನ್ನಳೆದು, ಸುಮಾರು 10 ನ್ಯಾನೊಮೀಟರ್ ಆಳದವರೆಗಿನ ಆ ರಸಾಯನವನ್ನು ಅರಿಯಬಹುದು. ಈ ರೋಹಿತ ವಿಧಾನವನ್ನು ರೂಪಿಸಿದ ಸ್ವೀಡನ್ನಿನ ಕಾಯ್ ಸೀಗ್‌ಬಾನ್ 1981ರಲ್ಲಿ ನೊಬೆಲ್ ಪಡೆದರು. ಎಕ್ಸ್-ಕಿರಣ ರೋಹಿತ ವಿಜ್ಞಾನಕ್ಕಾಗಿ ಅವರ ತಂದೆಗೆ 1924ರ ನೊಬೆಲ್ ಸಂದಿತ್ತು. ಉಪಕರಣದೊಳಗಿನ ನಿರ್ವಾತದಲ್ಲಿ ಜೀವಕೋಶ ಒಣಗುವ ತೊಡಕಿತ್ತು. ಕೋಶಗಳನ್ನು ಕ್ಷಿಪ್ರವಾಗಿ ಹೆಪ್ಪುಗಟ್ಟಿಸಿ ಪರೀಕ್ಷಿಸುವ ಕ್ರಮವನ್ನು ಅದೇ ದೇಶದ ಉಮೆಯೊ ವಿಶ್ವವಿದ್ಯಾಲಯದ ಸಂಶೋಧಕರು 2011ರ ವೇಳೆಗೆ ಅನುಸರಿಸಿದ್ದರು. ತಂದೆಯ ಪ್ರಶಸ್ತಿಯಿಂದ ಇಲ್ಲಿಗೆ ಎಂಟು ದಶಕಕ್ಕೂ ಮಿಗಿಲು! ಮಾರ್ಚ್ 31ರೊಳಗೆ ಫಲ ಕೇಳುವ ಕಡತಗಳಿಗೆ ನಾನೂ ಸಹಿ ಹಾಕಿದವನೇ. ಮೂಲವಿಜ್ಞಾನದ ಅನುದಾನವನ್ನು ಆ ಅಳತೆಗೋಲಿನಿಂದ ಅಳೆಯುವುದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ.